ನಮ್ಮ ಹೊಸದುರ್ಗದ ವೋಟು, ನಮ್ಮ ಬೂತಿನ ಲೀಡು

ಪ್ರತಿ ಚುನಾವಣೆ ಮುಗಿದ ಮಾರನೇ ದಿನ ಪೇಪರಿನಲ್ಲಿ ಒಂದು ಪಟ್ಟಿ ಬರುತ್ತೆ, ಯಾವ ಕ್ಷೇತ್ರದಲ್ಲಿ ಶೇಕಡಾ ಎಷ್ಟು ಮತದಾನ ಆಯ್ತು ಅಂತ. ಅದರ ಪಕ್ಕದಲ್ಲೇ ಬೆಂಗಳೂರಿನವರಿಗೆ ಒಂದಿಷ್ಟು ಬೈಗುಳ, ಹಳ್ಳಿಯವರಿಗೆ ಒಂದಿಷ್ಟು ಶಹಭಾಸ್‌ಗಿರಿ. ೨೦೨೩ರ ಮೇ ೧೦ರ ವಿಧಾನಸಭಾ ಚುನಾವಣೆಯಲ್ಲಿ ರಾಜ್ಯದ ಒಟ್ಟು ಮತದಾನ ಶೇ. ೭೩ ದಾಟಿದರೆ, ಬೆಂಗಳೂರಿನ ಸರ್ ಸಿ.ವಿ. ರಾಮನ್ ನಗರದಲ್ಲಿ ಅರ್ಧದಷ್ಟು ಜನವೂ ಬೂತಿನ ಕಡೆ ತಲೆ ಹಾಕಲಿಲ್ಲ. ೨೦೨೪ರ ಏಪ್ರಿಲ್ ೨೬ರ ಲೋಕಸಭಾ ಚುನಾವಣೆಯಲ್ಲೂ ಅದೇ ಕಥೆ. ನಮ್ಮ ಚಿತ್ರದುರ್ಗ ಕ್ಷೇತ್ರದಲ್ಲಿ ಶೇ. ೭೩ರಷ್ಟು, ಬೆಂಗಳೂರು ದಕ್ಷಿಣದಲ್ಲಿ ಶೇ. ೫೩ರ ಆಸುಪಾಸು.

ಇದನ್ನು ಓದಿದಾಗ ಹೊಸದುರ್ಗದ ಕಡೆಯವರಿಗೆ ಸ್ವಲ್ಪ ಎದೆ ಉಬ್ಬೋದು ಸಹಜ. "ನೋಡ್ರಪ್ಪಾ, ಓದಿದೋರು ನೀವು ಮನೇಲಿ ಮಲ್ಕೊಂಡಿದ್ರಿ, ನಾವು ಬಿಸಿಲಲ್ಲಿ ಕ್ಯೂ ನಿಂತ್ವಿ" ಅಂತ ಹೇಳಬಹುದಲ್ಲ! ಹೆಮ್ಮೆ ಪಡೋದು ತಪ್ಪು ಅಂತ ನಾನೂ ಹೇಳೋದಿಲ್ಲ. ಆದರೆ ಶೇಕಡಾವಾರು ಲೆಕ್ಕ ನೋಡಿ ಪ್ರಜಾಪ್ರಭುತ್ವದ ಆರೋಗ್ಯ ಅಳೆಯೋದು, ತೆಂಗಿನ ಮರದ ಎತ್ತರ ನೋಡಿ ಕಾಯಿ ಎಷ್ಟು ಬಿಟ್ಟಿದೆ ಅಂತ ಹೇಳಿದ ಹಾಗೆ. ಎಷ್ಟು ಜನ ವೋಟು ಹಾಕಿದರು ಅನ್ನೋದರ ಜೊತೆಗೆ, ಎಷ್ಟು ನಿರಾಳವಾಗಿ ಹಾಕಿದರು ಅಂತಲೂ ಕೇಳಬೇಕು. ಆ ಎರಡನೇ ಪ್ರಶ್ನೆ ಕೇಳಿದರೆ ನಮ್ಮ ಹೆಮ್ಮೆ ಸ್ವಲ್ಪ ಇಳಿಯುತ್ತೆ ಅನ್ನೋದು ನನ್ನ ಅನಿಸಿಕೆ.

ಮೊದಲು ನಮ್ಮ ತಾಲ್ಲೂಕು ಯಾವ ಕಡೆ ವಾಲುತ್ತೆ ಅಂತ ನೋಡೋಣ.

ಹೊಸದುರ್ಗ ಯಾವ ಪಾರ್ಟಿಯ ಕೋಟೆ? ಯಾರದ್ದೂ ಅಲ್ಲ. ಇದು ಇವತ್ತು ನಿನ್ನೆಯ ಮಾತಲ್ಲ. ೧೯೬೨ರಲ್ಲಿ ಎಸ್. ನಿಜಲಿಂಗಪ್ಪನವರು ಇಲ್ಲಿಂದ ಚುನಾವಣೆಗೆ ನಿಂತಿದ್ದರು. ಅಷ್ಟು ಹೊತ್ತಿಗೆ ಅವರು ಒಮ್ಮೆ ಮುಖ್ಯಮಂತ್ರಿ ಆಗಿದ್ದವರು, ರಾಜ್ಯ ಏಕೀಕರಣದ ದೊಡ್ಡ ಹೆಸರು, ಚಿತ್ರದುರ್ಗದಲ್ಲೇ ವಕೀಲಿ ಮಾಡಿ ಬೆಳೆದವರು. ರಾಜ್ಯದಲ್ಲಿ ಕಾಂಗ್ರೆಸ್ಸಿಗೆ ಬಹುಮತ ಬಂತು, ಆದರೆ ಮುಖ್ಯಮಂತ್ರಿ ಆಗಬೇಕಾದವರನ್ನೇ ಹೊಸದುರ್ಗದ ಜನ ಸೋಲಿಸಿದರು! ಗೆದ್ದವರು ಪ್ರಜಾ ಸೋಷಲಿಸ್ಟ್ ಪಕ್ಷದ ಜಿ.ಟಿ. ರಂಗಪ್ಪ. ಕಾಂಗ್ರೆಸ್ಸಿನವರು ಎಸ್.ಆರ್. ಕಂಠಿಯವರನ್ನು ಮಾರ್ಚಿಯಿಂದ ಜೂನ್‌ವರೆಗೆ ಮುಖ್ಯಮಂತ್ರಿ ಕುರ್ಚಿಯಲ್ಲಿ ಕೂರಿಸಿ, ನಿಜಲಿಂಗಪ್ಪನವರು ಬಾಗಲಕೋಟೆಯಿಂದ ಆರಿಸಿ ಬರೋವರೆಗೂ ಕಾಯಬೇಕಾಯ್ತು. ಒಂದು ಬಯಲುಸೀಮೆ ತಾಲ್ಲೂಕಿನ ರೈತರು ಇಡೀ ರಾಜ್ಯದ ಲೆಕ್ಕಾಚಾರ ತಲೆಕೆಳಗು ಮಾಡಿದ ಪ್ರಸಂಗ ಇದು. ನಮ್ಮ ಶಾಲೆಯ ಮಕ್ಕಳಿಗೆ ಇದನ್ನು ಹೇಳಿಕೊಡಬೇಕು ಅಂತ ನನಗೆ ಯಾವಾಗಲೂ ಅನ್ನಿಸುತ್ತೆ.

ಇನ್ನು ೨೦೦೮ಕ್ಕೆ ಬನ್ನಿ. ಬಿಜೆಪಿಗೆ ೧೧೦ ಸೀಟು, ಬಹುಮತಕ್ಕೆ ೧೧೩ ಬೇಕು. ಹೊಸದುರ್ಗ ಆರಿಸಿದ್ದು ಪಕ್ಷೇತರ ಗೂಳಿಹಟ್ಟಿ ಶೇಖರ್ ಅವರನ್ನು. ಪಕ್ಕದ ಹಿರಿಯೂರಿನಲ್ಲೂ ಪಕ್ಷೇತರ ಡಿ. ಸುಧಾಕರ್. ಇಬ್ಬರೂ ಸರ್ಕಾರಕ್ಕೆ ಬೆಂಬಲ ಕೊಟ್ಟು ಸಚಿವರಾದರು. ೨೦೧೦ರ ಅಕ್ಟೋಬರಿನಲ್ಲಿ ಐವರು ಪಕ್ಷೇತರರನ್ನು ಸ್ಪೀಕರ್ ಅನರ್ಹಗೊಳಿಸಿದಾಗ ಇವರಿಬ್ಬರೂ ಆ ಪಟ್ಟಿಯಲ್ಲಿದ್ದರು. ೨೦೧೧ರ ಮೇನಲ್ಲಿ ಸುಪ್ರೀಂ ಕೋರ್ಟ್ ಆ ಆದೇಶ ರದ್ದು ಮಾಡಿತು. ಆ ಮೂರು ವರ್ಷ ಹೊಸದುರ್ಗದ ಒಂದು ಸೀಟಿಗೆ ವಿಧಾನಸೌಧದಲ್ಲಿ ಎಷ್ಟು ತೂಕ ಇತ್ತು ಅಂತ ನೀವೇ ಲೆಕ್ಕ ಹಾಕಿ.

ಆಮೇಲಿನದ್ದು ಗೋಡೆ ಗಡಿಯಾರದ ಲೋಲಕದ ಹಾಗೆ. ೨೦೧೩ರಲ್ಲಿ ಕಾಂಗ್ರೆಸ್ಸಿನ ಬಿ.ಜಿ. ಗೋವಿಂದಪ್ಪ. ೨೦೧೮ರಲ್ಲಿ ಮತ್ತೆ ಗೂಳಿಹಟ್ಟಿ ಶೇಖರ್, ಈ ಸಲ ಬಿಜೆಪಿಯಿಂದ. ೨೦೨೩ರಲ್ಲಿ ಬಿಜೆಪಿ ಟಿಕೆಟ್ ಎಸ್. ಲಿಂಗಮೂರ್ತಿಯವರಿಗೆ ಹೋಯ್ತು, ಗೂಳಿಹಟ್ಟಿ ಪಕ್ಷೇತರರಾಗಿ ನಿಂತರು, ಗೆದ್ದವರು ಮತ್ತೆ ಗೋವಿಂದಪ್ಪ. ಇಡೀ ಜಿಲ್ಲೆಯದ್ದೂ ಇದೇ ಹಣೆಬರಹ. ೨೦೧೮ರಲ್ಲಿ ಆರರಲ್ಲಿ ಐದು ಬಿಜೆಪಿ, ಒಂದು ಕಾಂಗ್ರೆಸ್. ೨೦೨೩ರಲ್ಲಿ ಸರಿಯಾಗಿ ಉಲ್ಟಾ, ಐದು ಕಾಂಗ್ರೆಸ್, ಹೊಳಲ್ಕೆರೆ ಒಂದು ಬಿಜೆಪಿ. ಲೋಕಸಭೆಗೆ ನೋಡಿದರೆ ೨೦೦೯ರಲ್ಲಿ ಬಿಜೆಪಿ. ೨೦೧೪ರಲ್ಲಿ ದೇಶವೆಲ್ಲ ಒಂದು ಕಡೆ ವಾಲಿದಾಗ ನಾವು ಕಾಂಗ್ರೆಸ್ಸಿನ ಬಿ.ಎನ್. ಚಂದ್ರಪ್ಪನವರನ್ನು ಕಳಿಸಿದ್ವಿ. ೨೦೧೯ರಲ್ಲಿ ಬಿಜೆಪಿಯ ಎ. ನಾರಾಯಣಸ್ವಾಮಿ. ೨೦೨೪ರಲ್ಲಿ, ಒಂದು ವರ್ಷದ ಹಿಂದಷ್ಟೇ ಐದು ಕಾಂಗ್ರೆಸ್ ಶಾಸಕರನ್ನು ಕೊಟ್ಟ ಜಿಲ್ಲೆ ಇರೋ ಕ್ಷೇತ್ರದಲ್ಲಿ, ಬಿಜೆಪಿಯ ಗೋವಿಂದ ಕಾರಜೋಳ.

ಇಷ್ಟು ಕೇಳಿದರೆ ಏನನ್ನಿಸುತ್ತೆ? ಈ ಜನ ಯಾರ ಗುತ್ತಿಗೆಯೂ ಅಲ್ಲ, ಬೇಕಾದವರನ್ನು ಕೂರಿಸುತ್ತಾರೆ, ಬೇಡದವರನ್ನು ಇಳಿಸುತ್ತಾರೆ ಅಂತ ತಾನೇ? ತಾಲ್ಲೂಕಿನ ಮಟ್ಟದಲ್ಲಿ ನಿಂತು ನೋಡಿದರೆ ಅದು ನಿಜ.

ಆದರೆ ತಾಲ್ಲೂಕಿನಿಂದ ಇಳಿದು ಒಂದು ಹಟ್ಟಿಗೆ ಬನ್ನಿ. ಆಗ ಚಿತ್ರ ಬೇರೆ.

ನಮ್ಮ ಕಡೆ ಊರು ಅಂದರೆ ಒಂದೇ ಊರಲ್ಲ. ಊರಿಗೊಂದು ಗೊಲ್ಲರಹಟ್ಟಿ, ಒಂದು ಭೋವಿಹಟ್ಟಿ, ಒಂದು ಎ.ಕೆ. ಕಾಲೋನಿ, ಕೆಲವು ಕಡೆ ಒಂದು ತಾಂಡಾ. ಲಿಂಗಾಯತರು, ಕುರುಬರು, ಕುಂಚಿಟಿಗರು, ಉಪ್ಪಾರರು, ನಾಯಕರು ಹೀಗೆ ಬೀದಿ ಬೀದಿಗೆ ಒಂದೊಂದು ಲೆಕ್ಕ. ಹೊಸದುರ್ಗದ ಸುತ್ತಮುತ್ತ ಇರುವಷ್ಟು ಮಠಗಳು ಬೇರೆ ಯಾವ ತಾಲ್ಲೂಕಿನಲ್ಲಿ ಇವೆಯೋ ನನಗಂತೂ ಅನುಮಾನ. ಸಾಣೇಹಳ್ಳಿ, ಕೆಲ್ಲೋಡಿನ ಕನಕ ಪೀಠ, ಭಗೀರಥ ಪೀಠ, ಕುಂಚಿಟಿಗರ ಮಠ... ಇವುಗಳಲ್ಲಿ ಶಾಲೆ ನಡೆಸಿದವು, ನಾಟಕ ಕಟ್ಟಿದವು, ಹಿಂದುಳಿದವರಿಗೆ ದನಿ ಕೊಟ್ಟವು ಎಲ್ಲ ಇವೆ, ಅದಕ್ಕೆ ಗೌರವ ಇದ್ದೇ ಇದೆ. ಆದರೆ ಚುನಾವಣೆ ಬಂದಾಗ ಎಲ್ಲ ಪಾರ್ಟಿಯ ಕಾರುಗಳೂ ಮಠದ ಬಾಗಿಲಲ್ಲಿ ನಿಲ್ಲೋದು ಯಾಕೆ ಅಂತ ಯಾರಿಗೂ ಬಿಡಿಸಿ ಹೇಳಬೇಕಾಗಿಲ್ಲ.

ಹಟ್ಟಿಯೊಂದರಲ್ಲಿ ಮುನ್ನೂರು ನಾನೂರು ವೋಟು ಇರುತ್ತೆ. ಹಿಂದಿನ ದಿನ ನಾಲ್ಕು ಜನ ಹಿರೀಕರು ಕೂತು ಮಾತಾಡುತ್ತಾರೆ. ಯಾರು ಬೋರ್‌ವೆಲ್ ಕೊರೆಸಿಕೊಟ್ಟರು, ಯಾರು ದೇವಸ್ಥಾನಕ್ಕೆ ಕಾಸು ಕೊಟ್ಟರು, ಯಾರು ಮುಂದೆ ರಸ್ತೆ ಮಾಡಿಸಬಹುದು. ಒಂದು ತೀರ್ಮಾನ ಆಗುತ್ತೆ. ಬಹಳ ಸಲ ಹಟ್ಟಿಗೆ ಹಟ್ಟಿಯೇ ಒಂದು ಕಡೆ. ಪೇಟೆಯವರು ಇದನ್ನು ನೋಡಿ "ಜಾತಿ ವೋಟು", "ಕುರಿ ಮಂದೆ" ಅಂತ ಮೂಗು ಮುರಿಯುತ್ತಾರೆ. ನನಗೆ ಹಾಗನ್ನಿಸಲ್ಲ. ಚದುರಿ ಹೋದರೆ ಯಾರೂ ಲೆಕ್ಕಕ್ಕೆ ಇಟ್ಟುಕೊಳ್ಳದ ಸಣ್ಣ ಗುಂಪು, ಒಟ್ಟಿಗೆ ನಿಂತು ಚೌಕಾಸಿ ಮಾಡೋದು ಬುದ್ಧಿವಂತಿಕೆಯೇ. ನಾಕು ಎಕರೆ ಅಡಿಕೆಯವನಿಗೆ ಎಮ್ಮೆಲ್ಲೆ ಹತ್ತಿರ ಒಬ್ಬನೇ ಹೋಗಿ ಮಾತಾಡೋಕೆ ಧೈರ್ಯ ಇರುತ್ತೆ, ಕೂಲಿ ಮಾಡೋನಿಗೆ ಹಟ್ಟಿಯೇ ಧೈರ್ಯ.

ತೊಂದರೆ ಶುರುವಾಗೋದು ಎಣಿಕೆಯ ದಿನ.

ವೋಟು ಗುಟ್ಟು ಅಂತ ಕಾನೂನು ಹೇಳುತ್ತೆ. ೧೯೫೧ರ ಪ್ರಜಾಪ್ರತಿನಿಧಿ ಕಾಯ್ದೆಯ ೧೨೮ನೇ ಕಲಂ ಪ್ರಕಾರ ಎಣಿಕೆಯ ಸಿಬ್ಬಂದಿಯಿಂದ ಹಿಡಿದು ಏಜೆಂಟರವರೆಗೆ ಎಲ್ಲರೂ ಆ ಗುಟ್ಟು ಕಾಪಾಡಬೇಕು. ೨೦೧೩ರಲ್ಲಿ ನೋಟಾ ಬಂದಿದ್ದೂ ಇದೇ ಕಾರಣಕ್ಕೆ. ಯಾರಿಗೂ ವೋಟು ಹಾಕಲ್ಲ ಅನ್ನೋನ ಗುಟ್ಟನ್ನೂ ಕಾಯಬೇಕು ಅಂತ ಸುಪ್ರೀಂ ಕೋರ್ಟ್ ಹೇಳಿತು. ಒಳ್ಳೇದು. ಆದರೆ ಮತಯಂತ್ರವನ್ನು ಎಣಿಸೋದು ಬೂತ್ ಬೂತಿಗೆ ಬೇರೆ ಬೇರೆಯಾಗಿ. ಪ್ರತಿ ಮತಗಟ್ಟೆಯಲ್ಲಿ ಯಾರಿಗೆ ಎಷ್ಟು ಬಿತ್ತು ಅನ್ನೋದು ನಮೂನೆ ೨೦ ಅನ್ನೋ ಪಟ್ಟಿಯಲ್ಲಿ ದಾಖಲಾಗುತ್ತೆ, ಅದು ಮುಖ್ಯ ಚುನಾವಣಾಧಿಕಾರಿಯ ವೆಬ್‌ಸೈಟಿನಲ್ಲಿ ಯಾರು ಬೇಕಾದರೂ ನೋಡಬಹುದು. ಪಟ್ಟಿ ಬರೋವರೆಗೂ ಯಾರೂ ಕಾಯಲ್ಲ ಬಿಡಿ, ಎಣಿಕೆ ಟೇಬಲ್ಲಿನ ಪಕ್ಕ ಕೂತ ಏಜೆಂಟರು ಅಲ್ಲೇ ಬರೆದುಕೊಂಡಿರುತ್ತಾರೆ. ಸಾಯಂಕಾಲದೊಳಗೆ ಹೊಸದುರ್ಗ ಬಸ್ ಸ್ಟಾಂಡಿನ ಹೋಟೆಲಿನಲ್ಲಿ ಕೂತವರಿಗೂ ಗೊತ್ತಾಗಿರುತ್ತೆ, ಯಾವ ಊರು ಎಷ್ಟು ಲೀಡ್ ಕೊಟ್ಟಿತು ಅಂತ.

ನಮ್ಮ ಕಡೆಯ ಹಿರಿಯರೊಬ್ಬರು ಒಂದು ಸಲ ಹೇಳಿದ ಮಾತು ಇದು: "ನಾನ್ ಯಾರಿಗಾಕ್ದೆ ಅಂತ ನಮ್ಮನೆ ಹೆಂಗಸರ್ಗೂ ಹೇಳಲ್ಲ ಕಣಪ್ಪಾ. ಆದ್ರೆ ನಮ್ ಹಟ್ಟಿ ಯಾರಿಗಾಕೈತೆ ಅಂತ ತಾಲ್ಲೂಕಿಗೇ ಗೊತ್ತಾಗ್ತೈತಲ್ಲ!"

ಇಡೀ ಸಮಸ್ಯೆ ಈ ಎರಡು ವಾಕ್ಯದಲ್ಲಿದೆ. ಬೆಂಗಳೂರಿನ ಅಪಾರ್ಟ್‌ಮೆಂಟಿನವನ ಬೂತಿನಲ್ಲಿ ಸಾವಿರ ಜನ ಇದ್ದರೂ ಅವರಿಗೆ ಒಬ್ಬರಿಗೊಬ್ಬರು ಸಂಬಂಧ ಇಲ್ಲ, ಆ ಬೂತಿನ ಲೆಕ್ಕದಿಂದ ಯಾರಿಗೂ ಏನೂ ಮಾಡೋಕಾಗಲ್ಲ. ಹಟ್ಟಿಯ ಬೂತು ಹಾಗಲ್ಲ. ಗೆದ್ದವನಿಗೆ ಲೀಡ್ ಕೊಡದ ಹಟ್ಟಿ ಯಾವುದು ಅಂತ ಬೆರಳಿಟ್ಟು ತೋರಿಸಬಹುದು. ಮುಂದಿನ ಐದು ವರ್ಷ ಆಶ್ರಯ ಮನೆಯ ಪಟ್ಟಿ, ಸಿಸಿ ರಸ್ತೆ, ಕುಡಿಯೋ ನೀರಿನ ಬೋರ್‌ವೆಲ್ ಎಲ್ಲ ಆ ಬೆರಳಿನ ನೆರಳಲ್ಲೇ ನಡೆಯುತ್ತೆ ಅನ್ನೋ ಭಯ ಜನಕ್ಕೆ ಇದ್ದರೆ, ತಪ್ಪು ಜನರದ್ದಾ?

ಇದು ಬರೀ ನಮ್ಮೂರಿನ ಗುಮಾನಿ ಅಂದುಕೊಳ್ಳಬೇಡಿ. ೨೦೧೯ರ ಏಪ್ರಿಲ್‌ನಲ್ಲಿ ಉತ್ತರ ಪ್ರದೇಶದಲ್ಲಿ ಆಗಿನ ಕೇಂದ್ರ ಸಚಿವೆ ಮನೇಕಾ ಗಾಂಧಿಯವರು ಪ್ರಚಾರದ ಭಾಷಣದಲ್ಲೇ ಹೇಳಿದ್ದರು, ತಮಗೆ ಬಿದ್ದ ವೋಟಿನ ಶೇಕಡಾವಾರು ನೋಡಿ ಹಳ್ಳಿಗಳನ್ನು ಎ, ಬಿ, ಸಿ, ಡಿ ಅಂತ ವಿಂಗಡಿಸುತ್ತೇವೆ, ಕೆಲಸ ಆಗೋದು ಆ ಕ್ರಮದಲ್ಲೇ ಅಂತ. ಚುನಾವಣಾ ಆಯೋಗ ಎಚ್ಚರಿಕೆ ಕೊಟ್ಟಿತು. ಅವರು ಮೈಕಿನಲ್ಲಿ ಹೇಳಿದರು, ಉಳಿದವರು ಮೈಕಿಲ್ಲದೇ ಮಾಡುತ್ತಾರೆ, ಅಷ್ಟೇ ವ್ಯತ್ಯಾಸ.

ಈಗ ಮತದಾನದ ಶೇಕಡಾವಾರಿಗೆ ವಾಪಸ್ ಬರೋಣ. ನಮ್ಮ ಹಳ್ಳಿಗಳಲ್ಲಿ ಯಾಕೆ ಇಷ್ಟು ಜನ ವೋಟು ಹಾಕುತ್ತಾರೆ? ಒಳ್ಳೆ ಕಾರಣಗಳು ಇದ್ದೇ ಇವೆ. ಬೂತು ಹತ್ತಿರ ಇರುತ್ತೆ, ಎರಡು ಕಿಲೋಮೀಟರಿಗಿಂತ ದೂರ ಇರಬಾರದು ಅಂತ ನಿಯಮ. ಊರ ಶಾಲೆಯಲ್ಲೇ ಮತದಾನ, ಒಂಥರಾ ಹಬ್ಬದ ವಾತಾವರಣ. ಸರ್ಕಾರದಿಂದ ಏನಾದರೂ ಆಗಬೇಕಾದ್ದು ಹಳ್ಳಿಯವನಿಗೇ ಜಾಸ್ತಿ. ಭದ್ರಾ ಮೇಲ್ದಂಡೆ ಯೋಜನೆಗೆ ೨೦೨೩ರ ಫೆಬ್ರವರಿಯ ಕೇಂದ್ರ ಬಜೆಟ್ಟಿನಲ್ಲಿ ೫,೩೦೦ ಕೋಟಿ ಘೋಷಣೆ ಆದಾಗ ಅದನ್ನು ದಿನಾ ನೆನಪಿಟ್ಟುಕೊಂಡು ಕೇಳಿದವರು ನಮ್ಮ ಕಡೆಯ ರೈತರು. ೨೦೨೨ರ ಸೆಪ್ಟೆಂಬರಿನಲ್ಲಿ ವಾಣಿವಿಲಾಸ ಸಾಗರ ೧೯೩೩ರ ನಂತರ ಮೊದಲ ಸಲ ಕೋಡಿ ಬಿದ್ದಾಗ ಹಿರಿಯೂರಿನವರಿಗೆ ಹಬ್ಬ, ಹಿನ್ನೀರಿನಲ್ಲಿ ತೋಟ ಮುಳುಗಿದ ಹೊಸದುರ್ಗದ ಹಳ್ಳಿಗಳಿಗೆ ಸಂಕಟ. ಒಂದೇ ಕೆರೆಯ ನೀರು ಒಂದು ತಾಲ್ಲೂಕಿಗೆ ವರ, ಇನ್ನೊಂದಕ್ಕೆ ಕಾಟ. ಇಂಥ ಕಡೆ ವೋಟು ಅನ್ನೋದು ನೀರು ನೆಲದ ಪ್ರಶ್ನೆ, ಜನ ಹಾಕೇ ಹಾಕುತ್ತಾರೆ.

ಆದರೆ ಇನ್ನೊಂದು ಕಾರಣವೂ ಇದೆ. ಬೂತಿನಲ್ಲಿ ಕೂತ ಏಜೆಂಟನಿಗೆ ಊರಿನ ಪ್ರತಿ ಮುಖವೂ ಗೊತ್ತು. ಮಧ್ಯಾಹ್ನದ ಹೊತ್ತಿಗೆ ಪಟ್ಟಿ ಹಿಡಿದು "ಆ ಮನೆಯೋರು ಇನ್ನೂ ಬಂದಿಲ್ಲ" ಅಂತ ಹುಡುಗರನ್ನು ಓಡಿಸುತ್ತಾರೆ. ಬರದೇ ಇದ್ದರೆ ಅದೂ ಒಂದು ಸಂದೇಶ, "ಇವನು ನಮ್ಮ ಕಡೆಯವನಲ್ಲ" ಅಂತ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಅಂದುಕೊಂಡವನು ಬಂದು ಹಾಕಿ ಹೋಗುತ್ತಾನೆ. ಶೇಕಡಾವಾರು ಏರುತ್ತೆ. ಅದರಲ್ಲಿ ಉತ್ಸಾಹ ಎಷ್ಟು, ಮುಲಾಜು ಎಷ್ಟು, ಭಯ ಎಷ್ಟು? ಯಂತ್ರ ಅದನ್ನೆಲ್ಲ ಬಿಡಿಸಿ ಹೇಳಲ್ಲ.

ಬೆಂಗಳೂರಿನಲ್ಲಿರುವ ನಮ್ಮಂಥವರ ಪಾತ್ರವೂ ಇದರಲ್ಲಿದೆ. ಹೊಸದುರ್ಗ, ಹಿರಿಯೂರಿನಿಂದ ಬಂದು ಪೀಣ್ಯ, ಲಗ್ಗೆರೆ, ನೆಲಮಂಗಲದಲ್ಲಿ ದುಡಿಯೋರು ಸಾವಿರಾರು ಜನ. ವೋಟಿನ ಹಿಂದಿನ ರಾತ್ರಿ ಊರಿನ ಕಡೆ ಹೊರಡೋ ಬಸ್ಸು, ಟೆಂಪೋ ಎಲ್ಲ ಭರ್ತಿ. ಊರಿನ ಮೇಲಿನ ಪ್ರೀತಿಯಿಂದ ಸ್ವಂತ ಖರ್ಚಿನಲ್ಲಿ ಹೋಗೋರ ಬಗ್ಗೆ ನನ್ನ ತಕರಾರಿಲ್ಲ. ಆದರೆ ಅಭ್ಯರ್ಥಿ ಕಳಿಸಿದ ಗಾಡಿಯಲ್ಲಿ ಹೋಗೋದು, ಆ ಗಾಡಿ ಕಳಿಸೋದು, ೧೨೩(೫)ನೇ ಕಲಂ ಪ್ರಕಾರ ಭ್ರಷ್ಟ ಆಚರಣೆ. ಇನ್ನು ಎರಡೂ ಕಡೆ ಹೆಸರು ಇಟ್ಟುಕೊಳ್ಳೋದಂತೂ ೧೯೫೦ರ ಕಾಯ್ದೆಯ ೧೭ ಮತ್ತು ೧೮ನೇ ಕಲಂಗಳಿಗೆ ನೇರ ವಿರುದ್ಧ. ಎಲ್ಲಿ ವಾಸ ಮಾಡುತ್ತೀರೋ ಅಲ್ಲಿ ಹೆಸರು ಇರಬೇಕು, ಬದಲಾಯಿಸೋಕೆ ನಮೂನೆ ೮ ಸಾಕು. ಬೆಂಗಳೂರಿನ ಮತದಾನ ಕಡಿಮೆ ಕಾಣೋದಕ್ಕೆ ಸೋಮಾರಿತನ ಒಂದೇ ಕಾರಣವಲ್ಲ. ಮನೆ ಬಿಟ್ಟು ಹೋದವರ, ಸತ್ತವರ ಹೆಸರುಗಳೂ ಪಟ್ಟಿಯಲ್ಲಿ ಹಾಗೇ ಕೂತಿರುತ್ತವೆ.

ಪರಿಹಾರ ಏನೂ ಇಲ್ಲವಾ? ಇದೆ. ಹೊಸದೂ ಅಲ್ಲ.

ಬ್ಯಾಲೆಟ್ ಪೇಪರ್ ಇದ್ದ ಕಾಲದಲ್ಲಿ ಬೇರೆ ಬೇರೆ ಬೂತಿನ ಚೀಟಿಗಳನ್ನು ಬೆರೆಸಿ ಎಣಿಸೋಕೆ ನಿಯಮದಲ್ಲೇ ಅವಕಾಶ ಇತ್ತು. ಯಾವ ಊರು ಏನು ಮಾಡಿತು ಅಂತ ಗೊತ್ತಾಗಬಾರದು ಅನ್ನೋದೇ ಅದರ ಉದ್ದೇಶ. ಯಂತ್ರ ಬಂದ ಮೇಲೆ ಆ ಬೆರಕೆ ಹೋಯ್ತು. ಅದಕ್ಕೆ ಬದಲಾಗಿ 'ಟೋಟಲೈಸರ್' ಅನ್ನೋ ಸಾಧನವನ್ನು ಚುನಾವಣಾ ಆಯೋಗ ೨೦೦೮ರಲ್ಲೇ ಪ್ರಸ್ತಾಪಿಸಿತು. ಹದಿನಾಲ್ಕು ಬೂತಿನ ಯಂತ್ರಗಳನ್ನು ಒಟ್ಟಿಗೆ ಜೋಡಿಸಿ, ಮೊತ್ತ ಮಾತ್ರ ತೋರಿಸೋದು ಅದರ ಕೆಲಸ. ೨೦೧೫ರಲ್ಲಿ ಕಾನೂನು ಆಯೋಗ ತನ್ನ ೨೫೫ನೇ ವರದಿಯಲ್ಲಿ ಇದು ಬೇಕು ಅಂತ ಹೇಳಿತು. ಕೇಂದ್ರ ಸರ್ಕಾರ ಒಪ್ಪಲಿಲ್ಲ. ಬೂತುವಾರು ಫಲಿತಾಂಶ ಗೊತ್ತಾದರೆ ಹಿಂದುಳಿದ ಕಡೆ ಹೆಚ್ಚು ಕೆಲಸ ಮಾಡಬಹುದು ಅನ್ನೋದು ಕೊಟ್ಟ ಕಾರಣಗಳಲ್ಲಿ ಒಂದು. ಲೀಡ್ ಕೊಡದ ಹಟ್ಟಿಗೇ ಮೊದಲು ಓಡಿ ಹೋಗಿ ಕೆಲಸ ಮಾಡಿದ ರಾಜಕಾರಣಿಯನ್ನು ನೀವು ಎಲ್ಲಾದರೂ ನೋಡಿದ್ದರೆ ನನಗೂ ತೋರಿಸಿ!

ಇದಕ್ಕೆ ಒಂದು ಗಟ್ಟಿಯಾದ ಆಕ್ಷೇಪಣೆ ಇದೆ, ಅದನ್ನು ಮುಚ್ಚಿಡಬಾರದು. ಯಂತ್ರದ ಮೇಲೆ ಅನುಮಾನ ಇರೋ ಈ ಕಾಲದಲ್ಲಿ ಬೂತುವಾರು ಲೆಕ್ಕವೇ ಜನರ ಕೈಲಿರೋ ಪುರಾವೆ, ಅದನ್ನೂ ಕಿತ್ತುಕೊಂಡರೆ ಮೋಸ ಹಿಡಿಯೋದು ಹೇಗೆ ಅಂತ. ಸರಿಯಾದ ಪ್ರಶ್ನೆ. ಆದರೆ ಮತದಾನ ಮುಗಿದ ಕೂಡಲೇ ಪ್ರತಿ ಬೂತಿನಲ್ಲಿ ಒಟ್ಟು ಎಷ್ಟು ವೋಟು ಬಿತ್ತು ಅಂತ ನಮೂನೆ ೧೭ಸಿ ಏಜೆಂಟರ ಕೈಗೆ ಸಿಗುತ್ತೆ. ಹದಿನಾಲ್ಕು ಬೂತಿನ ೧೭ಸಿ ಕೂಡಿಸಿದರೆ ಟೋಟಲೈಸರಿನ ಮೊತ್ತಕ್ಕೆ ತಾಳೆ ಆಗಲೇಬೇಕು. ವಿವಿಪ್ಯಾಟ್ ಚೀಟಿಗಳನ್ನು ೨೦೧೯ರಿಂದ ಪ್ರತಿ ವಿಧಾನಸಭಾ ಕ್ಷೇತ್ರಕ್ಕೆ ಐದು ಬೂತಿನಂತೆ ಎಣಿಸುತ್ತಾ ಬಂದಿದ್ದಾರೆ. ಆ ತಪಾಸಣೆಯನ್ನು ಬಿಡೋದು ಬೇಡ, ಬೇಕಾದರೆ ಹೆಚ್ಚಿಸಲಿ. ತಾಳೆ ಬರದ ಕಡೆ, ಕೋರ್ಟು ಕೇಳಿದ ಕಡೆ ಮಾತ್ರ ಬೂತಿನ ಲೆಕ್ಕ ಬಿಚ್ಚಲಿ. ಮೋಸ ಹಿಡಿಯೋಕೆ ಬೇಕಾದ ಪುರಾವೆ ಬೇರೆ, ಹಟ್ಟಿಯನ್ನು ಹಿಡಿಯೋಕೆ ಬೇಕಾದ ಪುರಾವೆ ಬೇರೆ. ಎರಡನ್ನೂ ಒಂದೇ ಕಾಗದದಲ್ಲಿ ಊರಿಗೆಲ್ಲ ಹಂಚೋದು ಯಾಕೆ?

ಟೋಟಲೈಸರ್ ಬಂದರೂ ಊರವರ ಬಾಯಿಂದ ಲೆಕ್ಕ ಹೊರಗೆ ಬರುತ್ತಲ್ಲ ಅಂತಲೂ ಕೆಲವರು ಹೇಳುತ್ತಾರೆ. ಬರಬಹುದು. ಆದರೆ ಬಾಯಿ ಮಾತು ಬೇರೆ, ಅಂಕಿ ಬೇರೆ. ಹತ್ತು ಹನ್ನೆರಡು ಸಾವಿರ ವೋಟಿನ ರಾಶಿಯಲ್ಲಿ ಮುನ್ನೂರು ವೋಟಿನ ಹಟ್ಟಿ ಕಾಣಿಸಲ್ಲ. ಮೂರೂ ಪಾರ್ಟಿಯವರಿಗೆ "ನಿಮಗೇ ಹಾಕಿದ್ವಿ ಸಾಮಿ" ಅಂತ ಹೇಳಿ ಮನಸ್ಸಿಗೆ ಬಂದವರಿಗೆ ಹಾಕೋ ಸ್ವಾತಂತ್ರ್ಯ ಬಡವನಿಗೆ ಸಿಗುತ್ತೆ. ಅಷ್ಟೇ ಅಲ್ಲ, ಹಟ್ಟಿಯೊಳಗೆ ಹಿರೀಕರ ಮಾತು ಒಪ್ಪದ ಹೆಂಗಸರು, ಹುಡುಗರಿಗೂ ಸಿಗುತ್ತೆ. ಈಗ ಬೂತಿನಲ್ಲಿ ಹತ್ತು ವೋಟು ಆ ಕಡೆ ಬಿದ್ದರೆ ಆ ಹತ್ತು ಯಾರು ಅಂತ ಹುಡುಕಾಟ ಶುರುವಾಗುತ್ತೆ.

ವಿಚಿತ್ರ ಅಂದರೆ ನಾವು ಉಲ್ಟಾ ದಿಕ್ಕಿನಲ್ಲಿ ಹೋಗುತ್ತಿದ್ದೇವೆ. ೨೦೨೫ರಲ್ಲಿ ಆಯೋಗ ಒಂದು ಬೂತಿನ ಮತದಾರರ ಮಿತಿಯನ್ನು ೧,೫೦೦ರಿಂದ ೧,೨೦೦ಕ್ಕೆ ಇಳಿಸಿತು. ಕ್ಯೂ ಚಿಕ್ಕದಾಗುತ್ತೆ, ವಯಸ್ಸಾದವರಿಗೆ ಅನುಕೂಲ, ಮತದಾನ ಹೆಚ್ಚುತ್ತೆ. ಎಲ್ಲ ನಿಜ. ಆದರೆ ಬೂತು ಚಿಕ್ಕದಾದಷ್ಟೂ ಗುಟ್ಟು ತೆಳ್ಳಗಾಗುತ್ತೆ. ಮತದಾನದ ಪ್ರಮಾಣ ಹೆಚ್ಚಿಸೋಕೆ ಮಾಡಿದ ಒಳ್ಳೆ ಕೆಲಸಕ್ಕೆ ಜೊತೆಯಾಗಿ ಎಣಿಕೆಯಲ್ಲಿ ಬೆರಕೆಯನ್ನೂ ತಂದಿದ್ದರೆ ಅರ್ಥ ಇರುತ್ತಿತ್ತು.

ಇನ್ನೊಂದು ಮಾತು ಹೇಳದೇ ಮುಗಿಸೋಕಾಗಲ್ಲ. ಮತದಾನ ಹಬ್ಬ, ಹಕ್ಕು ಅಂತ ಬ್ಯಾನರ್ ಕಟ್ಟೋ ಸರ್ಕಾರಗಳು, ೨೦೧೬ರಲ್ಲಿ ಆರಿಸಿ ಬಂದ ಜಿಲ್ಲಾ ಮತ್ತು ತಾಲ್ಲೂಕು ಪಂಚಾಯಿತಿಗಳ ಅವಧಿ ೨೦೨೧ರಲ್ಲಿ ಮುಗಿದ ಮೇಲೆ ವರ್ಷಗಟ್ಟಲೆ ಚುನಾವಣೆಯನ್ನೇ ಮಾಡಲಿಲ್ಲ. ಒಬ್ಬರು ಇಳಿದು ಇನ್ನೊಬ್ಬರು ಬಂದರೂ ಈ ವಿಷಯದಲ್ಲಿ ಬದಲಾವಣೆ ಕಾಣಲಿಲ್ಲ. ಮಧ್ಯದ ಮೆಟ್ಟಿಲು ಇಲ್ಲದೇ ಹೋದರೆ ಹಟ್ಟಿಯ ಬೋರ್‌ವೆಲ್ಲಿಗೂ ಎಮ್ಮೆಲ್ಲೆಯೇ ಗತಿ. ಎಮ್ಮೆಲ್ಲೆಯೇ ಗತಿ ಆದಾಗ ಲೀಡಿನ ಲೆಕ್ಕ ಇನ್ನೂ ಬಿಗಿಯಾಗುತ್ತೆ.

ಕಾನೂನು ಬದಲಾಗೋದು ಯಾವಾಗಲೋ. ಅಲ್ಲಿಯವರೆಗೆ ನಾವೇ ಮಾಡಬಹುದಾದ್ದು ಸಣ್ಣದೊಂದಿದೆ. "ನಮ್ಮ ಬೂತಲ್ಲಿ ಇಷ್ಟು ಲೀಡ್ ಕೊಟ್ವಿ" ಅಂತ ಎದೆ ತಟ್ಟಿಕೊಳ್ಳೋದನ್ನು ನಿಲ್ಲಿಸೋಣ. ಆ ಹೆಮ್ಮೆಯ ಮಾತು, ಲೀಡ್ ಕೊಡದ ಪಕ್ಕದ ಹಟ್ಟಿಯ ಮೇಲೆ ಚಾಡಿ ಹೇಳಿದ ಹಾಗೇ. ಊರಿಗೆ ಬಂದ ಎಮ್ಮೆಲ್ಲೆ, ಎಂಪಿ "ನೀವು ನನಗೆ ವೋಟು ಹಾಕಿಲ್ಲ" ಅಂದರೆ, "ಅದು ನಿಮಗೆ ಗೊತ್ತಾಗಬಾರದಿತ್ತು ಸಾರ್" ಅಂತ ಒಬ್ಬರಾದರೂ ಎದ್ದು ಹೇಳೋಣ.

ನಿಜಲಿಂಗಪ್ಪನವರನ್ನೇ ಸೋಲಿಸಿದ ತಾಲ್ಲೂಕು ನಮ್ಮದು. ಧೈರ್ಯಕ್ಕೆ ಬರ ಇಲ್ಲ. ಶೇ. ೭೩ ಇದ್ದದ್ದು ೮೩ ಆಗಲಿ, ೯೩ ಆಗಲಿ, ಸಂತೋಷವೇ. ಆದರೆ ಆ ಅಂಕಿಯೊಳಗೆ ಇರೋ ಪ್ರತಿಯೊಬ್ಬನೂ ಮನೆಗೆ ಬಂದು ಭಯವಿಲ್ಲದೇ ನಿದ್ದೆ ಮಾಡುವ ಹಾಗಿದ್ದರೆ ಮಾತ್ರ ಅದು ಹೆಮ್ಮೆ ಪಡೋ ಅಂಕಿ.

ನಿಮ್ಮೂರಿನ ಬೂತಿನ ಕಥೆ ಏನು?